ಮಿರೇಯ್ ಅನ್ನುವ ಫ್ರೆಂಚ್ ಹೆಸರಿಗೆ ಅರ್ಥ ಏನು? ಕನ್ನಡದಲ್ಲಿ ಹೇಗೆ ಬರೆಯೋದು?

ವಿನುತಾ · ಆಗಸ್ಟ್ 2

ಎಲ್ಲರಿಗೂ ನಮಸ್ಕಾರ. ಒಂದು ಹೆಸರಿನ ವಿಷಯಕ್ಕೆ ನಿಮ್ಮ ಸಹಾಯ ಕೇಳೋಣ ಅಂತ ಬಂದೆ.

ನಾವಿರೋದು ದಕ್ಷಿಣ ಫ್ರಾನ್ಸಿನ ಮನೋಸ್ಕ್ ಊರಲ್ಲಿ. ನಮ್ಮನೆಯವರಿಗೆ ಇಟರ್ ಅನ್ನೋ ಪರಮಾಣು ಸಮ್ಮಿಲನದ ಸಂಶೋಧನಾ ಯೋಜನೆಯಲ್ಲಿ ಕೆಲಸ, ಬಂದು ಎರಡು ವರ್ಷ ಆಯ್ತು. ಕೆಳಗಿನ ಮನೆಯಲ್ಲಿ ಎಂಬತ್ತರ ಹತ್ತಿರದ ಅಜ್ಜಿ ಒಬ್ಬರೇ ಇದ್ದಾರೆ. ಹೆಸರು ಮಿರೇಯ್. ಬಂದ ಹೊಸದರಲ್ಲಿ ನನಗೆ ಫ್ರೆಂಚ್ ಒಂದಕ್ಷರ ಬರ್ತಿರಲಿಲ್ಲ. ವಾರದ ಸಂತೆಗೆ ಕರ್ಕೊಂಡು ಹೋಗಿ, ಒಂದೊಂದು ಸೊಪ್ಪು ಒಂದೊಂದು ತರಕಾರಿ ಕೈಯಲ್ಲಿ ಹಿಡಿಸಿ ಹೆಸರು ಹೇಳಿಸಿದವರು ಅವರು. ನಾನು ತಪ್ಪು ಹೇಳಿದರೆ ದುಡ್ಡು ಕೊಡೋಕೂ ಬಿಡ್ತಿರಲಿಲ್ಲ.

ಇಲ್ಲಿ ಹುಟ್ಟುಹಬ್ಬದ ಹಾಗೆ ಹೆಸರಿನ ಹಬ್ಬವೂ ಇದೆ. ಕ್ಯಾಲೆಂಡರಿನ ಒಂದೊಂದು ದಿನಕ್ಕೂ ಒಬ್ಬೊಬ್ಬ ಸಂತರ ಹೆಸರು. ಮಿರೇಯ್ ಅನ್ನುವವರಿಗೆ ಅದು ಆಗಸ್ಟ್ 15. ಅವತ್ತು ಅವರಿಗೆ ಅವರ ಹೆಸರನ್ನ ಕನ್ನಡದಲ್ಲಿ ಬರೆದು, ಕೆಳಗೆ ಅರ್ಥವನ್ನೂ ಬರೆದ ಒಂದು ಕಾರ್ಡ್ ಕೊಡಬೇಕು ಅಂತ ನನ್ನಾಸೆ.

ಅರ್ಥ ಹುಡುಕಿದರೆ ಒಂದು ಕಡೆ ‘ಮೆಚ್ಚಿ ನೋಡುವಂಥವಳು’ ಅಂತಿದೆ, ಇನ್ನೊಂದು ಕಡೆ ‘ಮರಿಯಾ ಹೆಸರಿನ ಇನ್ನೊಂದು ರೂಪ’, ಮತ್ತೊಂದು ಕಡೆ ‘ಅದ್ಭುತ’. ಅಜ್ಜಿಯನ್ನೇ ಕೇಳಿದೆ. ‘ಅರ್ಥ ನಂಗೇನು ಗೊತ್ತಮ್ಮ, ಅದು ಮಿಸ್ತ್ರಾಲನ ಹುಡುಗಿ’ ಅಂದರು. ಮಿಸ್ತ್ರಾಲ್ ಅಂದ್ರೆ ಇಲ್ಲಿ ಉತ್ತರದಿಂದ ಬೀಸೋ ಜೋರು ಗಾಳಿ. ಗಾಳಿಯ ಹುಡುಗಿ ಅಂದ್ರೆ ಏನು ಅಂತ ನನಗೆ ತಿಳೀಲಿಲ್ಲ. ಬಲ್ಲವರು ಹೇಳಿ.

ಪದಬೇಟೆ · ಆಗಸ್ಟ್ 2

ವಿನುತಾ ಅವರೇ, ಅದು ಗಾಳಿಯಲ್ಲ, ಕವಿ. ಫ್ರೆದೆರಿಕ್ ಮಿಸ್ತ್ರಾಲ್. 1904ರ ಸಾಹಿತ್ಯದ ನೊಬೆಲ್ ಬಹುಮಾನವನ್ನು ಸ್ಪೇನಿನ ಹೊಸೆ ಎಚೆಗರಾಯ್ ಜೊತೆ ಹಂಚಿಕೊಂಡವರು. ಬರೆದದ್ದು ಫ್ರೆಂಚಿನಲ್ಲಿ ಅಲ್ಲ, ಪ್ರೊವೆನ್ಸಾಲಿನಲ್ಲಿ. ನೀವಿರುವ ಸೀಮೆಯ ಸ್ವಂತ ಮಾತು ಅದು.

1859ರಲ್ಲಿ ಅವರ ಕಥನಕಾವ್ಯ ಅಚ್ಚಾಯಿತು. ಹನ್ನೆರಡು ಸರ್ಗ. ಹೆಸರು ‘ಮಿರೇಯೊ’. ಎಡಕ್ಕೆ ಪ್ರೊವೆನ್ಸಾಲ್, ಎದುರಿಗೆ ಕವಿಯೇ ಮಾಡಿದ ಫ್ರೆಂಚ್ ಅನುವಾದ. ಆ ಅನುವಾದದಲ್ಲಿ ಮಿರೇಯೊ ಎಂಬುದು ‘ಮಿರೇಯ್’ ಆಯಿತು. ಇವತ್ತು ಫ್ರಾನ್ಸಿನಲ್ಲಿ ಮಿರೇಯ್ ಅನ್ನುವ ಹೆಂಗಸರೆಲ್ಲರ ಹೆಸರಿನ ಹಿಂದೆ ಇರುವುದು ಆ ಪುಸ್ತಕ. ಅದಕ್ಕೂ ಮೊದಲು ಇದು ಎಲ್ಲರೂ ಇಟ್ಟುಕೊಳ್ಳುವ ಹೆಸರಾಗಿರಲಿಲ್ಲ. ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ.

ಕತೆ ಚಿಕ್ಕದು. ಉಳ್ಳವರ ಮನೆಯ ರೈತನ ಮಗಳು ಮಿರೇಯೊ. ಊರೂರು ಅಲೆದು ಬುಟ್ಟಿ ಹೆಣೆಯುವ ಬಡ ಹುಡುಗ ವಿನ್ಸೆನ್. ಅವರಿಬ್ಬರಿಗೆ ಪ್ರೀತಿ. ಕುರಿಗಾಹಿ, ಕುದುರೆ ಸಾಕುವವ, ಹೋರಿ ಪಳಗಿಸುವವ, ಹೀಗೆ ಮೂವರು ಹೆಣ್ಣು ಕೇಳಿ ಬರುತ್ತಾರೆ, ಅವಳು ಮೂವರನ್ನೂ ಒಲ್ಲೆ ಅನ್ನುತ್ತಾಳೆ. ಬುಟ್ಟಿ ಹೆಣೆಯುವವನಿಗೆ ಕೊಡುವುದಿಲ್ಲ ಎಂದು ಅಪ್ಪ ಹಟ ಹಿಡಿದಾಗ, ಕಡಲ ದಂಡೆಯ ಸೇಂತ್ ಮರಿ ಚರ್ಚಿಗೆ ಹರಕೆ ಹೊತ್ತು ಒಬ್ಬಳೇ ಹೊರಡುತ್ತಾಳೆ. ದಾರಿಯಲ್ಲಿ ಕ್ರೋ ಎಂಬ ಬರಿ ಕಲ್ಲಿನ ಬಯಲು, ನೆತ್ತಿ ಸುಡುವ ಬಿಸಿಲು. ಬಿಸಿಲು ಬಡಿದು, ಚರ್ಚು ತಲುಪಿದ ಮೇಲೆ ಸಾಯುತ್ತಾಳೆ.

ಇನ್ನೊಂದು ಮಾತು. ಆ ಕ್ರೋ ಬಯಲಿನ ಕಲ್ಲುಗಳನ್ನು ಹಿಂದೊಂದು ಕಾಲದಲ್ಲಿ ಹೊತ್ತು ತಂದು ಹಾಸಿದ್ದು ದ್ಯುರಾನ್ಸ್ ನದಿ. ನಿಮ್ಮ ಮನೋಸ್ಕ್ ಪಕ್ಕದಲ್ಲೇ ಹರಿಯುತ್ತದಲ್ಲ, ಅದೇ.

ಗಿರಿಧರ ಮೈಸೂರು · ಆಗಸ್ಟ್ 3

ಪದಬೇಟೆ ಸರ್, ಕತೆ ಚೆನ್ನಾಗಿದೆ. ಆದರೆ ಅವರು ಕೇಳಿದ್ದು ಅರ್ಥ. ಕವಿ ಹೆಸರನ್ನು ಎಲ್ಲಿಂದಲಾದರೂ ತೆಗೆದುಕೊಂಡಿರಲೇಬೇಕಲ್ಲ. ಪ್ರೊವೆನ್ಸಾಲಿನಲ್ಲಿ ‘ಮಿರಾ’ ಅಂದರೆ ದಿಟ್ಟಿಸಿ ನೋಡು. ಅದರ ಮೂಲ ಲ್ಯಾಟಿನ್ನಿನ ‘ಮಿರಾರಿ’, ಅಂದರೆ ಬೆರಗಾಗು. ಮಿರಾಕಲ್, ಮಿರರ್ ಎರಡೂ ಅಲ್ಲಿಂದಲೇ ಬಂದವು. ಫ್ರೆಂಚಿನಲ್ಲಿ ಅದ್ಭುತಕ್ಕೆ ಹೇಳುವ ‘ಮೆರ್ವೇಯ್’ ಕೂಡ ಅದೇ ಬೇರಿನದು.

ನಮ್ಮ ಕಡೆಯ ಓದುಗರಿಗೆ ಸಂತೋಷ ಕೊಡುವ ಸಂಗತಿ ಇನ್ನೊಂದಿದೆ. ಲ್ಯಾಟಿನ್ನಿನ ‘ಮಿರುಸ್’ ಮತ್ತು ಸಂಸ್ಕೃತದ ‘ಸ್ಮಿ’ ಧಾತು ಒಂದೇ ಇಂಡೋ-ಯುರೋಪಿಯನ್ ಮೂಲದವು ಅಂತ ಭಾಷಾಶಾಸ್ತ್ರದವರು ಹೇಳುತ್ತಾರೆ. ಸ್ಮಿತ, ಸ್ಮೇರ, ವಿಸ್ಮಯ ಎಲ್ಲ ಆ ಧಾತುವಿನವು. ಆದ್ದರಿಂದ ವಿನುತಾ ಅವರೇ, ನಿಮ್ಮ ಕಾರ್ಡಿನಲ್ಲಿ ‘ವಿಸ್ಮಯಾ’ ಅಂತ ಬರೆಯಿರಿ. ಅರ್ಥವೂ ಆಯಿತು, ಸಂಬಂಧವೂ ಆಯಿತು.

ವಿನುತಾ · ಆಗಸ್ಟ್ 3

ಗಿರಿಧರ ಅವರೇ, ಓದಿ ಮೈ ಜುಂ ಅಂತು. ನನ್ನ ತಂಗಿಯ ಹೆಸರು ಸ್ಮಿತಾ! ಹಾಗಿದ್ರೆ ‘ವಿಸ್ಮಯಾ’ ಅಂತಲೇ ಬರೆದುಬಿಡಲಾ?

ಪದಬೇಟೆ · ಆಗಸ್ಟ್ 3

ಸ್ವಲ್ಪ ತಡೆಯಿರಿ.

ಮಿರುಸ್ ಮತ್ತು ಸ್ಮಿತದ ನಂಟು ಸರಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ‘ಮಿರೇಯೊ’ ಎಂಬ ಹೆಸರು ಆ ಬೇರಿನಿಂದಲೇ ಚಿಗುರಿತು ಅನ್ನುವುದು ಊಹೆ. ಕಿವಿಗೆ ಹಿತವಾದ ಊಹೆ, ಆಗಬಹುದಾದ ಊಹೆ, ಅಷ್ಟೇ. ಕವಿ ಸ್ವತಃ ಹೇಳಿಕೊಂಡದ್ದು ಬೇರೆಯೇ ಇದೆ.

ಮಿಸ್ತ್ರಾಲ್ ತಮ್ಮ ನೆನಪುಗಳಲ್ಲಿ ಬರೆಯುತ್ತಾರೆ: ಹೆಸರು ಮನೆಯಲ್ಲೇ ಇತ್ತು. ಅವರ ಅಜ್ಜಿ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಮುದ್ದು ಮಾಡುವಾಗಲೋ ರೇಗಿಸುವಾಗಲೋ ‘ನೋಡಿ, ಬಂದಳು ಮಿರೇಯೊ, ಚೆಲುವೆ ಮಿರೇಯೊ, ನನ್ನ ಮುದ್ದು ಮಿರೇಯೊ’ ಅನ್ನುತ್ತಿದ್ದರಂತೆ. ತಾಯಿಯೂ ಅಷ್ಟೆ, ಬಾಗಿಲ ಮುಂದೆ ಯಾವಳಾದರೂ ಹುಡುಗಿ ಹಾದುಹೋದರೆ ಅದೇ ಮಾತು. ಯಾರು ಈ ಮಿರೇಯೊ ಎಂದು ಹುಡುಗ ಕೇಳಿದರೆ ಹೇಳುವವರಿಲ್ಲ. ಯಾವುದೋ ಕತೆ ಇದ್ದಿರಬೇಕು. ಕತೆ ಮರೆತುಹೋಗಿ ನಾಯಕಿಯ ಹೆಸರು ಮಾತ್ರ ಉಳಿದಿತ್ತು.

ಅವರಿಗೆ ದಕ್ಕಿದ್ದು ಆ ಒಂದು ಹೆಸರು. ಕಳೆದುಹೋದ ಕತೆಯ ಜಾಗಕ್ಕೆ ಇನ್ನೊಂದು ಕತೆಯನ್ನು ಅವರೇ ಕಟ್ಟಿದರು. ಹಾಗಾಗಿ ‘ವಿಸ್ಮಯಾ’ ಎಂದು ಬರೆದರೆ ಆ ಅಜ್ಜಿಯನ್ನೂ ಹುಡುಗನನ್ನೂ ಬಿಟ್ಟು ಲ್ಯಾಟಿನ್ ನಿಘಂಟಿನ ಕಡೆ ಹೋದ ಹಾಗಾಗುತ್ತದೆ ಎಂದು ನನಗನ್ನಿಸುತ್ತದೆ.

ಗಿರಿಧರ ಮೈಸೂರು · ಆಗಸ್ಟ್ 3

ಒಪ್ಪುತ್ತೇನೆ, ಆದರೆ ಅರ್ಧ. ಅಜ್ಜಿಯ ಬಾಯಿಗೂ ಆ ಪದ ಎಲ್ಲಿಂದಲೋ ಬಂದಿರಬೇಕು. ನಮ್ಮ ಅಜ್ಜಿ ನನ್ನ ಅಕ್ಕನನ್ನು ‘ಚಿನ್ನಾರಿ’ ಅನ್ನುತ್ತಿದ್ದರು. ಅವರಿಗೆ ಅದರ ವ್ಯುತ್ಪತ್ತಿ ಗೊತ್ತಿರಲಿಲ್ಲ. ಅಂದಮಾತ್ರಕ್ಕೆ ಪದಕ್ಕೆ ಬೇರಿಲ್ಲ ಅಂತಲ್ಲವಲ್ಲ.

ಲವೀನಾ, ಕಡಲತಡಿ · ಆಗಸ್ಟ್ 4

ನಾನು ಮಂಗಳೂರು ಕಡೆಯ ಕ್ರೈಸ್ತಳು. ‘ಮರಿಯಾ ಹೆಸರಿನ ರೂಪ’ ಅನ್ನುವುದು ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಬಾವ್ತಿಸ್ಮ್, ಅಂದರೆ ಜ್ಞಾನಸ್ನಾನದ ಹೊತ್ತಿಗೆ ಮಗುವಿಗೆ ಸಂತರ ಹೆಸರು ಬೇಕು ಅನ್ನುವುದು ಹಳೆಯ ಕಟ್ಟಳೆ. 1917ರ ಧರ್ಮಸಭೆಯ ಕಾನೂನಿನಲ್ಲಿ ಅದು ಬರವಣಿಗೆಯಲ್ಲೇ ಇತ್ತು: ತಂದೆತಾಯಿ ಬೇರೆ ಹೆಸರೇ ಬೇಕೆಂದರೆ, ಅವರು ಹೇಳಿದ ಹೆಸರಿಗೆ ಒಬ್ಬ ಸಂತರ ಹೆಸರು ಸೇರಿಸಿ ಎರಡನ್ನೂ ಪುಸ್ತಕದಲ್ಲಿ ಬರೆಯಬೇಕು. ನನ್ನ ಅಮ್ಮನಿಗೆ ಹಾಗೇ ಆಗಿದೆ. ಮನೆಯಲ್ಲಿ ಎಲ್ಲರೂ ಕರೆಯುವುದು ಒಂದು, ಇಗರ್ಜಿಯ ಪುಸ್ತಕದಲ್ಲಿ ಇರುವುದು ಇನ್ನೊಂದು. 1983ರ ಹೊಸ ಕಾನೂನು ಸಡಿಲವಾಯಿತು, ಕ್ರೈಸ್ತ ಭಾವನೆಗೆ ವಿರುದ್ಧವಲ್ಲದ ಹೆಸರಾದರೆ ಸಾಕು.

ಈಗ ಯೋಚಿಸಿ. ಮಿಸ್ತ್ರಾಲರ ಕಾವ್ಯ ಓದಿ ಮೆಚ್ಚಿದವರು ಮಗಳಿಗೆ ಆ ಹೆಸರಿಡಲು ಹೊರಟರೆ ಪಾದ್ರಿಗಳು ಏನು ಕೇಳಬೇಕು? ‘ಮಿರೇಯ್ ಎಂಬ ಸಂತಳು ಯಾರು?’ ಅಂತಹ ಸಂತಳಿಲ್ಲ. ಆಗ ಮಿಸ್ತ್ರಾಲರೇ ಮುಂದೆ ಬಂದು, ಇದು ಹೀಬ್ರೂವಿನ ಮಿರಿಯಮ್, ಅಂದರೆ ಮರಿಯಮ್ಮನವರ ಹೆಸರಿನ ಪ್ರೊವೆನ್ಸಾಲ್ ರೂಪ ಎಂದು ಹೇಳಿ ಒಪ್ಪಿಸಿದರು ಅಂತ ಕತೆ ಹೇಳುತ್ತಾರೆ. ಹೆಸರಿನ ಹಬ್ಬ ಆಗಸ್ಟ್ 15ಕ್ಕೆ ಬಿದ್ದದ್ದೂ ಅದಕ್ಕೇ. ಅವತ್ತು ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬ. ಫ್ರಾನ್ಸಿನಲ್ಲಿ ಸರಕಾರಿ ರಜೆ ಕೂಡ.

ಪದಬೇಟೆ · ಆಗಸ್ಟ್ 4

ಲವೀನಾ ಅವರೇ, ಬಹಳ ಉಪಕಾರ. ಇಗರ್ಜಿಯ ಬಾಗಿಲ ಜೊತೆ ಸರಕಾರದ ಬಾಗಿಲೂ ಇತ್ತು.

ಫ್ರಾನ್ಸಿನ ಕ್ರಾಂತಿಯ ಸಮಯದಲ್ಲಿ ಜನ ಮನಸ್ಸಿಗೆ ಬಂದ ಹೆಸರಿಟ್ಟರು. ಅದನ್ನು ನಿಲ್ಲಿಸಲು 1803ರ ಏಪ್ರಿಲ್ 1ರಂದು ಕಾನೂನು ಬಂತು: ಬಳಕೆಯಲ್ಲಿರುವ ಕ್ಯಾಲೆಂಡರುಗಳಲ್ಲಿರುವ ಹೆಸರು, ಇಲ್ಲವೇ ಪ್ರಾಚೀನ ಇತಿಹಾಸದ ಹೆಸರಾಂತ ವ್ಯಕ್ತಿಗಳ ಹೆಸರು, ಇವೆರಡು ಬಿಟ್ಟು ಬೇರೆ ಯಾವುದನ್ನೂ ಗುಮಾಸ್ತ ದಾಖಲಿಸುವಂತಿಲ್ಲ. 1966ರಲ್ಲಿ ಸಡಿಲಿಸಿ, ಪ್ರಾದೇಶಿಕ ಹೆಸರುಗಳಿಗೂ ಅವಕಾಶ ಕೊಟ್ಟರು. ತಂದೆತಾಯಿ ತಮಗೆ ಬೇಕಾದ ಹೆಸರಿಡಬಹುದು ಎಂದು ಕಾನೂನೇ ಬದಲಾದದ್ದು 1993ರಲ್ಲಿ. ಅದಕ್ಕೂ ಮುಂಚೆ ಬ್ರಿಟನಿ ಸೀಮೆಯಲ್ಲಿ ಮಕ್ಕಳಿಗೆ ಬ್ರೆಟನ್ ಹೆಸರಿಟ್ಟ ಒಂದು ಕುಟುಂಬ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಯಿತು, ಮಕ್ಕಳಿಗೆ ಸರಕಾರಿ ದಾಖಲೆಯೇ ಇರಲಿಲ್ಲ. ಸ್ವಂತ ಭಾಷೆಯಲ್ಲಿ ಮಗುವನ್ನು ಕರೆದರೆ ಆ ಮಗು ಲೆಕ್ಕಕ್ಕೇ ಇಲ್ಲ ಅನ್ನುವುದು ನನಗೆ ಇವತ್ತಿಗೂ ಸಂಕಟ ತರುವ ಸಂಗತಿ.

ಈ ಕಾನೂನು ಮಿಸ್ತ್ರಾಲರನ್ನು ಹುಟ್ಟಿದ ದಿನವೇ ಮುಟ್ಟಿತ್ತು. ಅವರು ಹುಟ್ಟಿದ್ದು 1830ರ ಸೆಪ್ಟೆಂಬರ್ 8, ಮಯ್ಯಾನ್ ಎಂಬ ಹಳ್ಳಿಯಲ್ಲಿ. ಅವತ್ತು ಮರಿಯಮ್ಮನವರ ಹುಟ್ಟುಹಬ್ಬ. ಹತ್ತಿರದ ಸೇನ್ ರೆಮಿಯಲ್ಲಿ ಹುಟ್ಟಿದ ಜ್ಯೋತಿಷಿ ನೋಸ್ತ್ರದಾಮನ ಹೆಸರಿನಲ್ಲೂ ‘ನೋಸ್ತ್ರ ದಾಮ್’, ಅಂದರೆ ‘ನಮ್ಮೊಡತಿ’ ದೇವಮಾತೆ, ಇದ್ದಾಳೆಂದು ತಾಯಿಗೆ ಮಗನಿಗೆ ಆ ಹೆಸರೇ ಇಡುವ ಆಸೆ. ಪುರಸಭೆಯೂ ಒಪ್ಪಲಿಲ್ಲ, ಚರ್ಚೂ ಒಪ್ಪಲಿಲ್ಲ.

ಹಾಗಾದರೆ ಫ್ರೆದೆರಿಕ್ ಎಂದು ಏಕಿಟ್ಟರು? ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅವರ ತಂದೆ ಐವತ್ತು ದಾಟಿದ ವಿಧುರ. ತಾಯಿ ಅವರ ಹೊಲಕ್ಕೆ ಹಕ್ಕಲು ಆಯಲು ಬಂದವರು. ಇಬ್ಬರ ನಡುವೆ ಮಾತುಕತೆ ನಡೆಯುತ್ತಿದ್ದಾಗ ಇವರ ಸುದ್ದಿ ಅವರಿಗೆ, ಅವರ ಸುದ್ದಿ ಇವರಿಗೆ ಮುಟ್ಟಿಸುತ್ತಿದ್ದ ಒಬ್ಬ ಬಡ ಹುಡುಗನಿದ್ದ. ಅವನ ಹೆಸರು ಫ್ರೆದೆರಿಕ್. ಸ್ವಲ್ಪ ದಿನಕ್ಕೆ ಆ ಹುಡುಗ ಬಿಸಿಲು ಬಡಿದು ಸತ್ತುಹೋದ. ಅವನ ನೆನಪಿಗೆ ಮಗನಿಗೆ ಆ ಹೆಸರು.

ಮಿರೇಯೊ ಹೇಗೆ ಸಾಯುತ್ತಾಳೆ ಎಂದು ಮೇಲೆ ಬರೆದಿದ್ದೆ.

ಸೊಪ್ಪಿನ ತೋಟ · ಆಗಸ್ಟ್ 5

ನಾನು ಶಿಡ್ಲಘಟ್ಟದವನು. ಫ್ರೆಂಚೂ ಗೊತ್ತಿಲ್ಲ, ಕಾವ್ಯಾನೂ ಅಷ್ಟಕ್ಕಷ್ಟೆ. ಆದ್ರೆ ಪದಬೇಟೆ ಸರ್, ಒಂದು ಕೇಳ್ತೀನಿ. ಈ ಕಾವ್ಯದಲ್ಲಿ ಹಿಪ್ಪುನೇರಳೆ ಬರುತ್ತಾ? ನಮ್ಮ ರೇಷ್ಮೆ ಇಲಾಖೆಯ ತರಬೇತೀಲಿ ಫ್ರಾನ್ಸಿನ ದಕ್ಷಿಣದ ಕಡೆ ಹಿಂದೆ ಹುಳ ಸಾಕ್ತಿದ್ರು, ಗಂಟು ರೋಗ ಬಂದು ನೆಲ ಕಚ್ಚಿತು ಅಂತ ಹೇಳಿದ್ದ ನೆನಪು.

ಪದಬೇಟೆ · ಆಗಸ್ಟ್ 5

ಅಣ್ಣಾ, ನೀವು ಕೇಳಿದ್ದು ಕಾವ್ಯದ ಎದೆಗೇ ತಾಗುವ ಪ್ರಶ್ನೆ! ಎರಡನೆಯ ಸರ್ಗ ಪೂರ್ತಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು. ಮಿರೇಯೊ ಮರ ಹತ್ತಿ ಸೊಪ್ಪು ಬಿಡಿಸುತ್ತಿರುತ್ತಾಳೆ, ದಾರಿಯಲ್ಲಿ ಹೋಗುತ್ತಿದ್ದ ವಿನ್ಸೆನ್ ನಾನೂ ಕೈಗೂಡಿಸಲೇ ಎಂದು ಬರುತ್ತಾನೆ. ಇಬ್ಬರೂ ಒಂದೇ ಚೀಲಕ್ಕೆ ಸೊಪ್ಪು ತುಂಬುವಾಗ ಕೈಗೆ ಕೈ ತಾಗುತ್ತದೆ. ಪ್ರೀತಿ ಬಾಯಿಬಿಡುವುದು ಆ ಮರದಲ್ಲೇ. ಮೂರನೆಯ ಸರ್ಗ ಗೂಡು ಬಿಡಿಸುವುದು. ಊರ ಹೆಂಗಸರೆಲ್ಲ ಸೇರಿ ಗೂಡು ಬಿಡಿಸುತ್ತ ಹರಟೆ ಹೊಡೆಯುತ್ತಾರೆ, ಹಾಡುತ್ತಾರೆ. ಅಲ್ಲಿ ಬರುವ ‘ಮಗಾಲಿ’ ಹಾಡಿನಿಂದ ಇನ್ನೊಂದು ಹೆಣ್ಣು ಹೆಸರೂ ಫ್ರಾನ್ಸಿನಲ್ಲಿ ಹರಡಿತು. ಮಗಾಲಿ ಅಂದರೆ ಪ್ರೊವೆನ್ಸಾಲಿನಲ್ಲಿ ಮಾರ್ಗರೆಟ್.

ಗಂಟು ರೋಗದ ವಿಷಯವೂ ನಿಜ. ಪುಸ್ತಕ ಬಂದ ಕಾಲದಲ್ಲೇ ಆ ರೋಗ ಅಲ್ಲಿಯ ಸಾಕಣೆಯನ್ನು ಹಾಳುಗೆಡಹುತ್ತಿತ್ತು. 1865ರಲ್ಲಿ ಲೂಯಿ ಪಾಸ್ಚರ್ ಅದನ್ನು ಅಭ್ಯಾಸ ಮಾಡಲು ಅಲೆಸ್ ಊರಿಗೆ ಬಂದರು. ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿಲ್ಲದ ಮೊಟ್ಟೆ ಮಾತ್ರ ಇಟ್ಟುಕೊಳ್ಳುವ ಪದ್ಧತಿ ಅವರು ಕೊಟ್ಟದ್ದು.

ಸೊಪ್ಪಿನ ತೋಟ · ಆಗಸ್ಟ್ 5

ಆ ಪದ್ಧತೀಲೇ ಇವತ್ತಿಗೂ ನಮ್ಮ ಕಡೆ ಬಿತ್ತನೆ ಕೋಠಿಯಲ್ಲಿ, ಅಂದ್ರೆ ರೇಷ್ಮೆ ಮೊಟ್ಟೆ ತಯಾರಿಸೋ ಕಡೆ, ಮೊಟ್ಟೆ ಪರೀಕ್ಷೆ ಮಾಡೋದು ಸರ್.

ನಮ್ಮಮ್ಮ ನಾಲ್ಕನೇ ಜ್ವರ, ಅಂದ್ರೆ ಪೊರೆ ಬಿಡೋದು, ಮುಗಿಸಿ ಎದ್ದ ಹುಳಕ್ಕೆ ರಾತ್ರಿ ಎದ್ದು ಸೊಪ್ಪು ಹಾಕೋರು. ಹುಳ ಮೇಯೋ ಸದ್ದು ಮಳೆ ಬಿದ್ದ ಹಾಗೆ ಕೇಳ್ಸುತ್ತೆ. ಹಣ್ಣಾದ ಹುಳಾನ ಗೂಡು ಕಟ್ಟೋ ಚಂದ್ರಿಕೆ ತಟ್ಟೆಗೆ ಬಿಡೋ ದಿನ ಓಣಿ ಹೆಂಗಸ್ರೆಲ್ಲ ನಮ್ಮನೇಲೇ. ಅಂಥಾ ಮನೆಯ ಹುಡುಗಿ ಅಂದ್ರೆ ನಂಗೆ ಮಿರೇಯೊ ಯಾರು ಅಂತ ಈಗ ಗೊತ್ತಾಯ್ತು. ವಿನುತಾ ಮೇಡಂ, ನಿಮ್ಮೂರಲ್ಲಿ ಹಿಪ್ಪುನೇರಳೆ ಮರ ಈಗಲೂ ಇದ್ರೆ ಒಂದು ಫೋಟೊ ಹಾಕಿ. ನಮ್ಮಲ್ಲಿ ಗಿಡವಾಗೇ ಕತ್ತರಿಸ್ತೀವಿ, ಹತ್ತೋ ಅಂಥ ಮರ ನೋಡ್ಬೇಕು.

ಸ್ವರಸಂಜೆ · ಆಗಸ್ಟ್ 6

ಹೆಸರು ಪ್ರೊವೆನ್ಸ್ ದಾಟಿ ಪ್ಯಾರಿಸ್ ಮುಟ್ಟಿದ್ದು ಸಂಗೀತದಿಂದ. ಶಾರ್ಲ್ ಗೂನೊ 1863ರಲ್ಲಿ ಸೇನ್ ರೆಮಿಗೇ ಬಂದು ತಂಗಿ ‘ಮಿರೇಯ್’ ಎಂಬ ಒಪೆರಾ ರಚಿಸಿದ. 1864ರ ಮಾರ್ಚ್ 19ರಂದು ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ. ಅದೇ ವರ್ಷದ ಕೊನೆಗೆ ನಾಯಕಿ ಬದುಕುಳಿದು ಮದುವೆಯಾಗುವ ಹಾಗೆ ಮುಕ್ತಾಯ ಬದಲಿಸಿದರು. ನನಗೆ ಆ ಬದಲಾವಣೆ ಇಷ್ಟವಿಲ್ಲ. ಕ್ರೋ ಬಯಲಿನಲ್ಲಿ ಅವಳು ತಲೆ ಸುತ್ತಿ ಬೀಳುವ ದೃಶ್ಯದ ಸಂಗೀತ ಕೇಳಿದವರಿಗೆ ಮದುವೆಯ ಮಂಗಳ ಹಾಡು ಕಿವಿಗೆ ಹೋಗುವುದಿಲ್ಲ.

ಆಮೇಲೆ ಹೆಸರು ಮೆಲ್ಲಗೆ ದೇಶಕ್ಕೆಲ್ಲ ಹಬ್ಬಿತು. 20ನೇ ಶತಮಾನದ ನಡುವಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಹೆಚ್ಚು. ಗಾಯಕಿ ಮಿರೇಯ್ ಮತ್ಯೂ ಹುಟ್ಟಿದ್ದು 1946ರಲ್ಲಿ, ಮಿಸ್ತ್ರಾಲ್ ಓದಿದ ಆವಿನ್ಯೋನ್ ಊರಲ್ಲೇ. ವಿನುತಾ ಅವರ ಅಜ್ಜಿಯೂ ಹೆಚ್ಚುಕಡಿಮೆ ಅದೇ ವಯಸ್ಸಿನವರು. ಈಗ ಹುಟ್ಟುವ ಮಕ್ಕಳಿಗೆ ಈ ಹೆಸರಿಡುವವರು ಬಹಳ ಕಡಿಮೆ.

ಬರೆಯುವ ವಿಷಯ. Mireille ಎಂಬ ಫ್ರೆಂಚ್ ಬರಹದ ಕೊನೆಯ ‘ಎಲ್ ಎಲ್’ ನೋಡಿ ‘ಮಿರೆಲ್ಲೆ’ ಅನ್ನಬೇಡಿ. ಅಲ್ಲಿ ಲಕಾರದ ಸದ್ದೇ ಇಲ್ಲ, ‘ಯ್’ ಮಾತ್ರ. ಮಾರ್ಸೇಯ್ ಊರಿನ ಹಾಗೆ. ರಕಾರ ಫ್ರೆಂಚಿನವರದು ಗಂಟಲಿನಿಂದ ಬರುತ್ತದೆ, ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲ, ‘ರ’ ಸಾಕು. ‘ರೆ’ ಹ್ರಸ್ವವೋ ದೀರ್ಘವೋ ಎಂದರೆ ನಡುವಿನದು. ನಾನಾದರೆ ‘ಮಿರೇಯ್’ ಎಂದೇ ಬರೆಯುತ್ತೇನೆ.

ಪದಬೇಟೆ · ಆಗಸ್ಟ್ 6

ಸರಿ. ಪ್ರೊವೆನ್ಸಾಲ್ ರೂಪದಲ್ಲಿ ಒತ್ತು ನಡುವಿನ ‘ರೇ’ ಮೇಲೆ. ಕೊನೆಯ ‘ಯೊ’ ಮೆಲ್ಲಗೆ. ಆ ಒಕಾರ ಆ ಭಾಷೆಯಲ್ಲಿ ಸ್ತ್ರೀಲಿಂಗದ ಗುರುತು, ಹಳೆಯ ಕಾಲದ ‘ಅ’ ಹಾಗೆ ಆದದ್ದು.

ವಿನುತಾ · ಆಗಸ್ಟ್ 16

ತಡವಾಗಿ ಬರೀತಿದ್ದೀನಿ, ಕ್ಷಮಿಸಿ. ನಿನ್ನೆ ಕಾರ್ಡ್ ಕೊಟ್ಟೆ.

ಮೊದಲು ಒಂದು ವಾರ ಅವರ ಹತ್ತಿರ ಕೂತು ಕೇಳಿಸಿಕೊಂಡೆ, ನೀವು ಬರೆದದ್ದನ್ನೆಲ್ಲ ನನ್ನ ಹರಕು ಫ್ರೆಂಚಿನಲ್ಲಿ ಹೇಳಿದೆ. ಸಂಸ್ಕೃತದ ‘ಸ್ಮಿತ’ದ ವಿಷಯ ಕೇಳಿ ಬಹಳ ಖುಷಿಪಟ್ಟರು ಗಿರಿಧರ ಅವರೇ. ಆಮೇಲೆ ಒಂದು ವಿಷಯ ಹೇಳಿದರು. ಅವರ ತಂದೆಯ ತಾಯಿ ಫ್ರೆಂಚ್ ಆಡ್ತಿರಲಿಲ್ಲವಂತೆ, ಬರೀ ಪ್ರೊವೆನ್ಸಾಲ್. ಮನೆಯಲ್ಲಿ ಆ ಅಜ್ಜಿ ‘ಮಿರೇಯೊ’ ಅನ್ನೋರು, ಶಾಲೆಯಲ್ಲಿ ಮಿರೇಯ್. ಶಾಲೆಯಲ್ಲಿ ಮನೆಯ ಮಾತು ಬಾಯಿಗೆ ಬಂದರೆ ಬೈಗುಳ, ಮೂಲೆಯಲ್ಲಿ ನಿಲ್ಲೋದು. ಹಾಗಾಗಿ ಇವರು ಅಜ್ಜಿಯ ಹತ್ತಿರವೂ ಫ್ರೆಂಚಿನಲ್ಲೇ ಉತ್ತರ ಕೊಡೋಕೆ ಶುರುಮಾಡಿದರು. ಅಜ್ಜಿ ಹೋದ ಮೇಲೆ ಆ ಹೆಸರಲ್ಲಿ ಕರೆಯೋರು ಯಾರೂ ಇಲ್ಲ. ‘ಉತ್ತರ ಕೊಡಬೇಕಿತ್ತು ನಾನು, ಅವಳ ಮಾತಲ್ಲೇ’ ಅಂತ ಎರಡು ಸಲ ಅಂದರು.

ಅದಕ್ಕೆ ಕಾರ್ಡಿನಲ್ಲಿ ಅರ್ಥ ಅಂತ ಏನೂ ಬರೀಲಿಲ್ಲ. ಮೇಲೆ ‘ಮಿರೇಯ್’, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಮಿರೇಯೊ’. ಎರಡನೆಯದನ್ನ ನಾನೇ ಓದಿ ಹೇಳಿದೆ, ಪದಬೇಟೆ ಅವರು ಹೇಳಿದ ಹಾಗೆ ‘ರೇ’ ಒತ್ತಿ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕನ್ನಡಕ ಹಾಕ್ಕೊಂಡು, ಇದರಲ್ಲಿ ಯಾವುದು ‘ಯೊ’ ಅಂತ ಕೇಳಿದರು. ತೋರಿಸಿದೆ. ಬೆರಳಿಟ್ಟು ಅದರ ಸುರುಳಿಯ ಮೇಲೆ ನಿಧಾನಕ್ಕೆ ತಿದ್ದಿದರು. ಸಂತೆಯಲ್ಲಿ ನನಗೆ ಮಾಡಿಸ್ತಿದ್ದ ಹಾಗೇ, ಸರಿಯಾಗಿ ಬರೋವರೆಗೆ.

ಸೊಪ್ಪಿನ ತೋಟ ಅಣ್ಣ, ಹಿಪ್ಪುನೇರಳೆ ಮರ ಇದೆ. ನಮ್ಮ ಬೀದಿ ಕೊನೆಯಲ್ಲೇ ಎರಡಿದ್ದಾವೆ, ಇಷ್ಟು ದಿನ ಬರೀ ನೆರಳಿನ ಮರ ಅಂದ್ಕೊಂಡಿದ್ದೆ. ಅಜ್ಜಿಯೇ ನಾಳೆ ಬೆಳಗ್ಗೆ ಕರ್ಕೊಂಡು ಹೋಗಿ ತೋರಿಸ್ತಾರಂತೆ. ಫೋಟೊ ಹಾಕ್ತೀನಿ.